ಉಬುಂಟು ಅಪ್‌ಗ್ರೇಡ್ ಆದಮೇಲೆ ಪುಟದ ಬದಲು ಕೋಡ್ ಕಂಡರೆ

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಲೆಕ್ಕದ ಕಂಪ್ಯೂಟರನ್ನು ನಡೆಸುವ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು 22.04ನೇ ಆವೃತ್ತಿಯಿಂದ 24.04ಕ್ಕೆ ಏರಿಸಿದ್ದೆ. ಮರುದಿನ ಬೆಳಿಗ್ಗೆಯೇ ಗುಮಾಸ್ತರ ಫೋನ್: ‘ಅಣ್ಣಾ, ತೂಕದ ಪಟ್ಟಿ ಬರ್ತಿಲ್ಲ, ಬರೀ ಇಂಗ್ಲಿಷ್ ಸಾಲು ಬರ್ತಾ ಇದೆ.’ ಚೀಲ ಇಳಿಸಿದ ರೈತರು ಬಿಲ್ಲಿಗೆ ಕಾದು ನಿಂತಿದ್ದರು.

ಆ ಸಾಲುಗಳು ಪಿಎಚ್‌ಪಿ ಕೋಡ್, ಅಂದರೆ ಪುಟವನ್ನು ತಯಾರಿಸುವ ಪ್ರೋಗ್ರಾಂ. ಪುಟಗಳನ್ನು ಬ್ರೌಸರ್‌ಗೆ ಕೊಡುವ ಸರ್ವರ್ ತಂತ್ರಾಂಶ ಅಪಾಚೆ ಅದನ್ನು ನಡೆಸದೆ ಇದ್ದಹಾಗೇ ತೋರಿಸುತ್ತಿದೆ. ಡೇಟಾಬೇಸ್ ಪಾಸ್‌ವರ್ಡನ್ನು ಅದೇ ಕಡತದಲ್ಲಿ ಬರೆದಿದ್ದರೆ ಅದೂ ಕಾಣುತ್ತದೆ. ಆದ್ದರಿಂದ ರಿಪೇರಿಗೆ ಕೈ ಹಾಕುವ ಮೊದಲು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ ಹೀಗೆ ಕೊಟ್ಟು ಸರ್ವರ್ ನಿಲ್ಲಿಸಿ: ‘ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಅಪಾಚೆ2’. ಎಷ್ಟೇ ಅವಸರವಿರಲಿ, ಇದನ್ನು ಬಿಡಬೇಡಿ.

22.04ರಲ್ಲಿದ್ದದ್ದು ಪಿಎಚ್‌ಪಿ 8.1, 24.04ರಲ್ಲಿ ಬರುವುದು 8.3. ಅಪಾಚೆಯೊಳಗೆ ಪಿಎಚ್‌ಪಿ ನಡೆಸುವ ಹಳೆಯ ಮಾಡ್ಯೂಲ್ ಹೋಗಿರುತ್ತದೆ, ಹೊಸದು ಅಪಾಚೆಗೆ ಜೋಡಣೆಯಾಗಿರುವುದಿಲ್ಲ. ಟರ್ಮಿನಲ್‌ನಲ್ಲಿ ‘ಪಿಎಚ್‌ಪಿ -ವಿ’ ಕೊಟ್ಟು 8.3 ಎಂದು ಬಂದರೆ ಸಮಾಧಾನಪಡಬೇಡಿ. ಅದು ಟರ್ಮಿನಲ್ಲಿನ ಆವೃತ್ತಿ ಮಾತ್ರ, ಅಪಾಚೆಯದು ಬೇರೆ. ನನ್ನ ಅರ್ಧ ಗಂಟೆ ಹಾಳಾದದ್ದು ಇಲ್ಲೇ.

ಈಗ ‘ಸುಡೊ ಎಪಿಟಿ ಇನ್‌ಸ್ಟಾಲ್ ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ8.3 ಪಿಎಚ್‌ಪಿ8.3-ಮೈಎಸ್‌ಕ್ಯೂಎಲ್’ ಕೊಡಿ. ಕನ್ನಡ ಅಕ್ಷರಗಳನ್ನು ಎಣಿಸುವ, ಕತ್ತರಿಸುವ ಕೆಲಸವಿದ್ದರೆ ಎಂಬಿಸ್ಟ್ರಿಂಗ್ ಪ್ಯಾಕೇಜೂ ಬೇಕು. ಬಳಿಕ ಹಳೆಯ ಜೋಡಣೆ ತೆಗೆಯಲು ‘ಸುಡೊ ಎ2ಡಿಸ್‌ಮಾಡ್ ಪಿಎಚ್‌ಪಿ8.1’, ಹೊಸದನ್ನು ಜೋಡಿಸಲು ‘ಸುಡೊ ಎ2ಎನ್‌ಮಾಡ್ ಪಿಎಚ್‌ಪಿ8.3’. ಎಂಪಿಎಂ ಈವೆಂಟ್ (ಬಂದ ಕೋರಿಕೆಗಳನ್ನು ಅಪಾಚೆ ನಿಭಾಯಿಸುವ ಒಂದು ಬಗೆಯ ಮಾಡ್ಯೂಲ್) ಅಡ್ಡ ಬಂದಿದೆ ಎಂಬ ದೂರು ಬಂದರೆ, ಇದೇ ಎರಡು ಆಜ್ಞೆಗಳಿಂದ ಅದನ್ನು ತೆಗೆದು ಎಂಪಿಎಂ ಪ್ರಿಫೋರ್ಕ್ ಹಾಕಿ. ಕೊನೆಗೆ ಅಪಾಚೆ ಶುರು ಮಾಡಿ. ಬ್ರೌಸರ್ ಹಳೆಯ ಪುಟವನ್ನೇ ತೋರಿಸಿದರೆ ಕ್ಯಾಶ್ ಅಳಿಸಿ.

ಇಷ್ಟಾದರೂ ಪುಟ ಖಾಲಿ ಬಂದರೆ ಊಹೆ ಬೇಡ, ವಾರ್ ಫೋಲ್ಡರ್‌ನ ಲಾಗ್ ಒಳಗಿರುವ ಅಪಾಚೆ2ರ ಎರರ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. ಯಾವ ಕಡತ, ಎಷ್ಟನೇ ಸಾಲು ಎಂದು ಅದು ನೇರವಾಗಿ ಹೇಳುತ್ತದೆ. ಅನುಮತಿಯ ತಕರಾರು ಬಂದಾಗ ಫೋಲ್ಡರ್‌ಗೆಲ್ಲ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಬಳಕೆದಾರ ಬೇಕಾದರೂ ಆ ಕಡತ ತಿದ್ದಬಹುದಾಗುತ್ತದೆ.

ಹಳೆಯ ಪಿಎಚ್‌ಪಿ ಐಎನ್‌ಐ ಎಂಬ ಸೆಟ್ಟಿಂಗ್ ಕಡತದಲ್ಲಿ ನೀವು ಬದಲಿಸಿದ್ದ ಅಪ್‌ಲೋಡ್ ಮಿತಿ, ಸಮಯವಲಯ ಮುಂತಾದವು 8.3ರ ಕಡತಕ್ಕೆ ತಾವಾಗಿ ಬರುವುದಿಲ್ಲ. ನಮ್ಮ ಮಂಡಿಯ ಬಿಲ್ಲಿನಲ್ಲಿ ಗಂಟೆ ಐದೂವರೆ ತಾಸು ಹಿಂದೆ ಇತ್ತು. ‘ಏಷ್ಯಾ/ಕೋಲ್ಕತಾ’ ಎಂದು ಮತ್ತೆ ಬರೆದು ಅಪಾಚೆಯನ್ನು ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಬಿಲ್ ಅಚ್ಚಾಗಿ ರೈತರು ಹೊರಟ ಮೇಲೆ, ತೆರೆಯ ಮೇಲೆ ಕಂಡಿದ್ದ ಆ ಡೇಟಾಬೇಸ್ ಪಾಸ್‌ವರ್ಡನ್ನೂ ಬದಲಿಸಿದೆ.