ಸುಮೇರಿನವರ ಹಾಗೆ ಮಣ್ಣಿನ ಹಲಗೆಯ ಮೇಲೆ ಬರೆಯುವುದು ಹೇಗೆ

ಸುಮೇರ್ ಅಂದರೆ ಇಂದಿನ ಇರಾಕ್‌ನ ದಕ್ಷಿಣ ಭಾಗದಲ್ಲಿದ್ದ ಪ್ರಾಚೀನ ನಾಡು. ಅಲ್ಲಿ ಯೂಫ್ರೆಟಿಸ್, ಟೈಗ್ರಿಸ್ ನದಿಗಳ ಕೆಳದಂಡೆಯಲ್ಲಿ ಕಲ್ಲೂ ಕಡಿಮೆ, ಒಳ್ಳೆಯ ಮರವೂ ಕಡಿಮೆ. ಜೇಡಿಮಣ್ಣು, ಜೊಂಡು ಮಾತ್ರ ಬೇಕಾದಷ್ಟು. ಕ್ರಿ.ಪೂ. 3300ರ ಸುಮಾರಿಗೆ ಉರುಕ್ ಪಟ್ಟಣದ ಲೆಕ್ಕದವರು ಬರವಣಿಗೆ ಶುರು ಮಾಡಿದ್ದು ಇವೆರಡನ್ನೇ ಇಟ್ಟುಕೊಂಡು. ಬರೆದಿದ್ದು ಕಥೆಯಲ್ಲ, ಬಾರ್ಲಿ, ಕುರಿ, ಬಿಯರ್‌ಗಳ ಲೆಕ್ಕ!

ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ನಾನು ಸಂಖ್ಯೆಯಿಂದಲೇ ಶುರು ಮಾಡುತ್ತೇನೆ. ಎರಡೇ ಗುರುತು ಕಲಿತರೆ ಸಾಕು.

ಕಲ್ಲು, ಬೇರು ತೆಗೆದ ಜೇಡಿಮಣ್ಣನ್ನು ಚೆನ್ನಾಗಿ ನಾದಿ. ಕೈಗೆ ಅಂಟಬಾರದು, ಮಡಚಿದರೆ ಬಿರಿಯಬಾರದು. ಅಂಗೈಯಲ್ಲಿ ಕೂರುವಷ್ಟು ಹಲಗೆ ತಟ್ಟಿ. ಬರೆಯುವ ಕಡ್ಡಿಗೆ ಜೊಂಡು ಸಿಗದಿದ್ದರೆ ಚೌಕ ಅಂಚಿನ ಮರದ ಕಡ್ಡಿ ನಡೆಯುತ್ತದೆ. ದುಂಡು ಕಡ್ಡಿ ಬೇಡ, ಮೂಲೆ ಬೇಕೇ ಬೇಕು.

ಈಗ ಮುಖ್ಯ ವಿಷಯ: ಗೀರಬೇಡಿ, ಒತ್ತಿ. ಉರುಕಿನವರೂ ಮೊದಮೊದಲು ಚೂಪು ಕಡ್ಡಿಯಿಂದ ಚಿತ್ರ ಗೀರುತ್ತಿದ್ದರು. ಗೀರಿದರೆ ಮಣ್ಣು ಅಂಚಿಗೆ ಎದ್ದು ನಿಲ್ಲುತ್ತದೆ, ಗೆರೆ ಗಲೀಜು. ಒತ್ತಿದರೆ ಒಂದೇ ಏಟಿಗೆ ಚೊಕ್ಕ ಬೆಣೆ ಮೂಡುತ್ತದೆ. ಕಡ್ಡಿಯನ್ನು ಓರೆಯಾಗಿ ಹಿಡಿದು ಮೂಲೆ ಊರಿ, ಅಂಚು ಸ್ವಲ್ಪ ತಾಗುವಂತೆ ಒತ್ತಿದರೆ ತಲೆ ದಪ್ಪ, ಬಾಲ ಸಣ್ಣ. ತಲೆ ಮೇಲಿರುವ ನೆಟ್ಟಗಿನ ಬೆಣೆ ಅಂದರೆ 1. ಕಡ್ಡಿಯ ಮೂಲೆಯನ್ನಷ್ಟೇ ಊರಿ, ಮೊನೆ ಎಡಕ್ಕೆ ಬರುವ ಗುರುತು ಮಾಡಿದರೆ 10. ಕೈ ತಿರುಚುವುದಕ್ಕಿಂತ ಹಲಗೆಯನ್ನೇ ತಿರುಗಿಸಿಕೊಳ್ಳುವುದು ಸುಲಭ.

23 ಬರೆಯಲು ಹತ್ತರ ಗುರುತು ಎರಡು, ಒಂದರ ಗುರುತು ಮೂರು. 59ರವರೆಗೂ ಹೀಗೇ. 60 ಬಂದಾಗ ಮಜಾ: ಮತ್ತೆ ಒಂದೇ ನೆಟ್ಟಗಿನ ಬೆಣೆ! ಸ್ಥಾನದಿಂದ ಬೆಲೆ ಗೊತ್ತಾಗಬೇಕು. ಈ ಪದ್ಧತಿ ಬಲಿತದ್ದು ಕ್ರಿ.ಪೂ. 2000ದ ಆಸುಪಾಸಿನಲ್ಲಿ. 75 ಬೇಕೆಂದರೆ ಎಡಕ್ಕೆ ಒಂದು ಬೆಣೆ, ಸ್ವಲ್ಪ ಜಾಗ, ಆಮೇಲೆ ಹತ್ತರ ಗುರುತು ಒಂದು, ಒಂದರ ಗುರುತು ಐದು. ಐದನ್ನು ಮೇಲೆ ಮೂರು, ಕೆಳಗೆ ಎರಡು ಎಂದು ಜೋಡಿಸಿ, ಕಣ್ಣಿಗೆ ಸಲೀಸು. ಜಾಗ ಬಿಡದಿದ್ದರೆ ಗೊಂದಲ ಖಂಡಿತ, ಆಗ ಸೊನ್ನೆಯ ಗುರುತೇ ಇರಲಿಲ್ಲ ಅಲ್ವಾ. ಗಂಟೆಗೆ 60 ನಿಮಿಷ ಅನ್ನುವ ನಮ್ಮ ಲೆಕ್ಕದ ಬೇರೂ ಇಲ್ಲೇ ಇದೆ.

ಹಿಂಬದಿಗೂ ಬರೆಯುವುದಿದ್ದರೆ ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಬೇಡಿ. ಕೆಳಗಿನ ಅಂಚನ್ನು ಹಿಡಿದು ಮೇಲಕ್ಕೆ ತಿರುಗಿಸಿ, ಅವರು ಮಾಡುತ್ತಿದ್ದದ್ದು ಹಾಗೆ.

ಒಣಗಿಸುವುದು ನೆರಳಲ್ಲಿ, ನಿಧಾನವಾಗಿ. ಹಸಿ ಹಲಗೆಯನ್ನು ಬೆಂಕಿಗೆ ಹಾಕಬೇಡಿ, ಸಿಡಿದೀತು. ಇಷ್ಟವಾಗದಿದ್ದರೆ ನೀರಲ್ಲಿ ನೆನೆಸಿ ಮತ್ತೆ ನಾದಿ. ಸುಮೇರಿನ ನಿಪ್ಪುರ್ ಪಟ್ಟಣದ ಶಾಲೆಯ ಹುಡುಗರ ಹಲಗೆಗಳೂ ಹೀಗೇ ಮತ್ತೆ ಮಣ್ಣಾಗುತ್ತಿದ್ದವು.