ಕಯೋಟಿ ಓಡಾಡುವ ಊರಲ್ಲಿ ನಾಯಿ ಸಾಕುವವರಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆಯ ದಕ್ಷಿಣಕ್ಕೆ, ಸಾಂತಾ ತೆರೆಸಾ ಗುಡ್ಡದ ಬುಡದಲ್ಲಿ ನಮ್ಮ ಮನೆ. ಹಿತ್ತಲ ಬೇಲಿಯ ಆಚೆ ಮಳೆನೀರಿನ ಕಾಲುವೆ, ಅದರಾಚೆ ಒಣಹುಲ್ಲಿನ ಗುಡ್ಡ. ನರಿ, ತೋಳಗಳ ಬಳಗಕ್ಕೆ ಸೇರಿದ ಕಾಡುಪ್ರಾಣಿ ಕಯೋಟಿ; ಈ ಊರಲ್ಲಿ ಹರಿಯುವ ಹೊಳೆಯ ಹೆಸರೇ ಕಯೋಟಿ ಕ್ರೀಕ್. ಇಲ್ಲಿಗೆ ಹೊಸದಾಗಿ ಬಂದು ನಾಯಿ ಸಾಕಿದ ಕನ್ನಡದವರು ನನ್ನನ್ನು ಮೊದಲು ಕೇಳುವುದು, "ಹಿತ್ತಲಿಗೆ ಬೇಲಿ ಇದೆಯಲ್ಲ, ಸಾಕಲ್ವಾ?" ಅಂತ. ಸಾಲದು. ಮಾಮೂಲಿ ಆರಡಿ ಮರದ ಬೇಲಿಯನ್ನು ಹತ್ತಿ ದಾಟುವ ಕಯೋಟಿಗಳಿವೆ.

ನಮ್ಮ ನಾಯಿಯ ಹೆಸರು ಬೆಲ್ಲ. ಐದು ಕಿಲೋ ತೂಕ, ಕಂದು ಬಣ್ಣ, ಅಳಿಲು ಕಂಡರೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಹತ್ತು ಹನ್ನೆರಡು ಕಿಲೋಗಿಂತ ಚಿಕ್ಕ ನಾಯಿಗಳಿಗೇ ಅಪಾಯ ಜಾಸ್ತಿ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ: ಬೆಲ್ಲ ಹೊರಗಿದ್ದರೆ ಮನೆಯವರೊಬ್ಬರು ಹೊರಗಿರಬೇಕು. ಕಿಟಕಿಯಿಂದ ನೋಡುತ್ತಿದ್ದರೆ ಆಗದು, ಅಂಗಳದಲ್ಲೇ ಇರಬೇಕು. ರಾತ್ರಿ ಹನ್ನೊಂದಕ್ಕೆ ಉಚ್ಚೆಗೆ ಬಿಡುವಾಗಲೂ ಅಷ್ಟೇ, ಚಪ್ಪಲಿ ಹಾಕಿಕೊಂಡು, ಟಾರ್ಚ್ ಹಿಡಿದು, ಹಗ್ಗ ಕಟ್ಟಿಕೊಂಡೇ ಹೊರಡುವುದು. ಬಾಗಿಲು ತೆಗೆಯುವ ಮೊದಲು ಹಿತ್ತಲ ದೀಪ ಹಾಕಿ ಮೂಲೆಮೂಲೆ ನೋಡಿಕೊಳ್ಳಿ. ಮುಂದೆ ನಾನು ಹೇಳುವ ಬೇರೆಲ್ಲವೂ ಈ ನಿಯಮಕ್ಕೆ ಬೆಂಬಲ. ಇದನ್ನು ಬಿಟ್ಟು ಅವುಗಳನ್ನಷ್ಟೇ ಮಾಡಿದರೆ ಪ್ರಯೋಜನ ಕಡಿಮೆ.

ನಾಯಿಯನ್ನು ಹೊರಗೆ ಕಟ್ಟಿಹಾಕಿ ಒಳಗೆ ಹೋಗುವುದಂತೂ ಬೇಡವೇ ಬೇಡ. ಕಟ್ಟಿದ ನಾಯಿ ಓಡಲಾರದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಚಿರತೆ ಕಾಟ ಇರುವ ಕಡೆ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಯ ಗತಿ ಅವರಿಗೆ ಗೊತ್ತು. ನೆಲದಡಿ ತಂತಿ ಹೂತು ನಾಯಿಯ ಕೊರಳಪಟ್ಟಿಗೆ ಸಣ್ಣ ಶಾಕ್ ಕೊಡುವ 'ಕಾಣದ ಬೇಲಿ' ಇಲ್ಲಿ ಸಿಗುತ್ತದೆ. ಅದು ನಿಮ್ಮ ನಾಯಿಯನ್ನು ಒಳಗಿಡಬಹುದು, ಕಯೋಟಿಯನ್ನು ಹೊರಗಿಡುವುದಿಲ್ಲ.

ಪ್ರಾಣಿಯ ಬಗ್ಗೆ ಸ್ವಲ್ಪ ತಿಳಿದಿರಲಿ. ಕಯೋಟಿ ನಮ್ಮೂರ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 9ರಿಂದ 16 ಕಿಲೋ ತೂಗುತ್ತದೆ. ಚಳಿಗಾಲದಲ್ಲಿ ಕೂದಲು ದಟ್ಟವಾಗಿ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಲಿ, ಮೊಲ, ನೆಲ ಅಳಿಲು, ಉದುರಿದ ಹಣ್ಣು ಅದರ ಮುಖ್ಯ ಆಹಾರ. ಹವಾಯಿ ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಷಿಕಾಗೋ ಸುತ್ತಮುತ್ತ 2000ನೇ ಇಸವಿಯಿಂದ ಕಯೋಟಿಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿದ್ದಾರೆ. ಅಷ್ಟು ದೊಡ್ಡ ಊರಲ್ಲೂ ಹೆಚ್ಚಿನವು ಜನರ ತಂಟೆಗೆ ಬಾರದೆ ಬದುಕುತ್ತಿವೆ. ಮನುಷ್ಯರನ್ನು ಕೊಂದ ಘಟನೆ ಇಡೀ ಉತ್ತರ ಅಮೆರಿಕದಲ್ಲಿ ದಾಖಲಾಗಿರುವುದು ಎರಡೇ: 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಒಂದು ಮಗು, 2009ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಒಬ್ಬ ಯುವತಿ. ಹಾಗಾಗಿ ನಿಮ್ಮ ಬಗ್ಗೆ ಗಾಬರಿ ಬೇಡ. ಹಗಲಲ್ಲಿ ಕಂಡ ಮಾತ್ರಕ್ಕೆ ಅದಕ್ಕೆ ಹುಚ್ಚು ಹಿಡಿದಿದೆ ಎಂದೂ ಅಲ್ಲ. ಮುಂಜಾನೆ, ಮುಸ್ಸಂಜೆ, ರಾತ್ರಿ ಅದರ ಓಡಾಟ ಜಾಸ್ತಿ, ಅಷ್ಟೇ.

ಈಗ ಹಿತ್ತಲಿಗೆ ಬರೋಣ. ಕಯೋಟಿ ನಾಯಿಯನ್ನೇ ಹುಡುಕಿಕೊಂಡು ಬರುವುದು ಅಪರೂಪ. ಬೇರೇನೋ ತಿನ್ನಲು ಬರುತ್ತದೆ, ದಾರಿ ರೂಢಿಯಾಗುತ್ತದೆ, ಆಮೇಲೆ ನಾಯಿ ಕಣ್ಣಿಗೆ ಬೀಳುತ್ತದೆ. ನಮ್ಮವರ ಮನೆಗಳಲ್ಲಿ ಈ 'ಬೇರೇನೋ' ಸ್ವಲ್ಪ ಜಾಸ್ತಿಯೇ ಇರುತ್ತದೆ. ಊರಿಂದ ಬಂದ ಅತ್ತೆ ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಕಾಗೆಗೆ ಅಂತ ಬೇಲಿ ಪಕ್ಕ ಹಾಕುತ್ತಿದ್ದರು. ಅನ್ನ ಚೆಲ್ಲುವುದು ಪಾಪ, ಯಾರಾದರೂ ತಿನ್ನಲಿ ಎಂಬ ಮನಸ್ಸು ಅವರದು. ಆ ಮನಸ್ಸು ನನಗೂ ಇಷ್ಟವೇ. ಆದರೆ ಇಲ್ಲಿ ಆ ಅನ್ನಕ್ಕೆ ಇಲಿ ಬರುತ್ತದೆ, ರಕೂನ್ ಬರುತ್ತದೆ, ಇಲಿಯ ಹಿಂದೆ ಕಯೋಟಿ ಬರುತ್ತದೆ. ಕಾಡುಪ್ರಾಣಿಗಳಿಗೆ ಬೇಕೆಂದೇ ತಿನ್ನಿಸುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೂ ವಿರುದ್ಧ. ಅತ್ತೆಗೆ ಬಿಡಿಸಿ ಹೇಳಿದಾಗ, ಬೆಲ್ಲನ ಸಲುವಾಗಿ ಅಂತ ಒಪ್ಪಿಕೊಂಡರು. ಈಗ ಉಳಿದ ಅನ್ನ ಚಿತ್ರಾನ್ನವಾಗುತ್ತದೆ, ಇಲ್ಲವೇ ಮುಚ್ಚಳ ಬಿಗಿಯಾದ ಡಬ್ಬಿಗೆ ಹೋಗುತ್ತದೆ.

ಆಮೇಲೆ ಹಣ್ಣಿನ ಮರ. ಸ್ಯಾನ್ ಹೋಸೆಯ ಹಿತ್ತಲುಗಳಲ್ಲಿ ಅಂಜೂರ, ಪರ್ಸಿಮನ್ ಸಾಮಾನ್ಯ. ಶರತ್ಕಾಲದಲ್ಲಿ ಪರ್ಸಿಮನ್ ಹಣ್ಣಾಗಿ ಪಟಪಟ ಉದುರುವಾಗ ದಿನಾ ಸಂಜೆ ಆರಿಸಿಬಿಡಿ. ಬೇಲಿಯ ಆಚೆ ಬಿದ್ದದ್ದನ್ನೂ ಬಿಡಬೇಡಿ. ಕಾಲುವೆ ಪಕ್ಕದ ದಾರಿಯಲ್ಲಿ ಬೀಜ ತುಂಬಿದ ಹಿಕ್ಕೆ ಕಂಡರೆ, ಸುತ್ತಲ ಯಾವುದೋ ಮರಕ್ಕೆ ಕಯೋಟಿ ಬಂದು ಹೋಗುತ್ತಿದೆ ಅಂತ ತಿಳಿಯಿರಿ. ಹಕ್ಕಿ ಕಾಳಿನ ಗೂಡನ್ನು ನಾವು ತೆಗೆದೇಬಿಟ್ಟೆವು, ಕೆಳಗೆ ಚೆಲ್ಲುವ ಕಾಳಿಗೆ ಇಲಿ ಬರುತ್ತದೆ. ನಾಯಿಯ ಊಟದ ತಟ್ಟೆ, ನೀರಿನ ಬಟ್ಟಲು ಒಳಗಿರಲಿ. ಬೇಸಿಗೆಯ ಒಣ ತಿಂಗಳುಗಳಲ್ಲಿ ಒಂದು ಬಟ್ಟಲು ನೀರೂ ಸೆಳೆಯುತ್ತದೆ. ಕಸದ ಬುಟ್ಟಿಯನ್ನು ಹಿಂದಿನ ರಾತ್ರಿಯ ಬದಲು ಕಸ ಒಯ್ಯುವ ದಿನ ಬೆಳಿಗ್ಗೆಯೇ ಹೊರಗಿಡಿ.

ಬೇಲಿಯ ಕೆಲಸಕ್ಕೆ ಒಂದು ವಾರಾಂತ್ಯ ಬೇಕು. ಕಯೋಟಿ ಬೇಲಿ ದಾಟುವುದನ್ನು ಗಮನಿಸಿದರೆ, ಒಂದೇ ನೆಗೆತಕ್ಕೆ ಹಾರುವುದಿಲ್ಲ. ನೆಗೆದು ಮುಂಗಾಲನ್ನು ಬೇಲಿಯ ತುದಿಗೆ ಸಿಕ್ಕಿಸಿ, ಹಿಂಗಾಲಲ್ಲಿ ಹಲಗೆ ತುಳಿಯುತ್ತಾ ಮೇಲೇರುತ್ತದೆ. ಆ ಮುಂಗಾಲಿಗೆ ಹಿಡಿತ ಸಿಗದಂತೆ ಮಾಡಿದರೆ ಅರ್ಧ ಗೆದ್ದಂತೆ. ಇದಕ್ಕೆಂದೇ ತಿರುಗುವ ರೋಲರ್ ಮಾರುತ್ತಾರೆ. ನಾವು ಪಿವಿಸಿ ಪೈಪಿನಲ್ಲಿ ಮಾಡಿಕೊಂಡೆವು. ಬೇಲಿಯ ತುದಿಗೆ ಕೊಂಡಿ ಹಾಕಿ, ಗಟ್ಟಿ ಉಕ್ಕಿನ ತಂತಿಯನ್ನು ಬಿಗಿಯಾಗಿ ಎಳೆದು, ಅದಕ್ಕೆ ಸಣ್ಣ ಪೈಪು, ಸಣ್ಣ ಪೈಪಿನ ಮೇಲೆ ದಪ್ಪ ಪೈಪು ಪೋಣಿಸಿದೆವು. ಕಾಲಿಟ್ಟ ಕೂಡಲೇ ದಪ್ಪ ಪೈಪು ಗಿರ್ರನೆ ತಿರುಗುತ್ತದೆ, ಕಾಲು ಜಾರುತ್ತದೆ. ತಂತಿ ಸಡಿಲವಾದರೆ ಪೈಪು ಜೋತುಬಿದ್ದು ತಿರುಗುವುದೇ ಇಲ್ಲ, ಆದ್ದರಿಂದ ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಗಿಮಾಡಿ. ಬೇಲಿ ಆರಡಿಗಿಂತ ಕುಳ್ಳಗಿದ್ದರೆ ರೋಲರ್ ನೆಚ್ಚಿಕೊಳ್ಳಬೇಡಿ, ಮೊದಲು ಎತ್ತರಿಸಿ. ಎಷ್ಟು ಎತ್ತರಿಸಬಹುದು ಅನ್ನುವುದಕ್ಕೆ ಊರಿನ ನಿಯಮ, ಬಡಾವಣೆಯ ಸಂಘದ ನಿಯಮ ಎರಡನ್ನೂ ಕೇಳಿಕೊಳ್ಳಿ. ಬೇಲಿಗೆ ಒರಗಿಸಿದ ಗೊಬ್ಬರದ ಪೆಟ್ಟಿಗೆ, ಸೌದೆ ರಾಶಿ, ಹಳೇ ಕುರ್ಚಿ ಎಲ್ಲ ಕಯೋಟಿಗೆ ಮೆಟ್ಟಿಲು. ಈಚೆ ಸರಿಸಿ.

ಬೇಲಿಯ ಬುಡ ಇನ್ನೂ ಮುಖ್ಯ. ಅಂಗೈಯಗಲದ ಸಂದಿ ಇದ್ದರೂ ಸಾಕು, ತೋಡಿ ದೊಡ್ಡದು ಮಾಡಿಕೊಂಡು ನುಗ್ಗುತ್ತದೆ. ತಂತಿಯ ಜಾಲರಿಯನ್ನು ಒಂದಡಿ ಆಳಕ್ಕೆ ಹೂತು, ತಳದಲ್ಲಿ ಹೊರಮುಖವಾಗಿ ಮಡಚಿ ಅಂತ ಹೇಳುತ್ತಾರೆ. ನಮ್ಮ ಕಡೆಯ ಜೇಡಿಮಣ್ಣು ಬೇಸಿಗೆಯಲ್ಲಿ ಗುದ್ದಲಿಗೇ ಬಗ್ಗುವುದಿಲ್ಲ. ಹಾಗಾಗಿ ಜಾಲರಿಯನ್ನು ಬೇಲಿಯ ಬುಡಕ್ಕೆ ಬಡಿದು, ಹೊರಗಡೆ ನೆಲದ ಮೇಲೆ ಎರಡಡಿ ಅಗಲ ಹಾಸಿ, ಯು ಆಕಾರದ ಮೊಳೆ ಹೊಡೆದು, ಮೇಲೆ ಕಲ್ಲು ಹೇರಿದೆವು. ಕಯೋಟಿ ಬೇಲಿಯ ಪಕ್ಕದಲ್ಲೇ ತೋಡಲು ಶುರುಮಾಡುತ್ತದೆ, ಪಂಜಕ್ಕೆ ಜಾಲರಿ ತಗಲಿ ಬಿಟ್ಟುಬಿಡುತ್ತದೆ. ನಾಯಿ ಓಡಾಡುವ ಕಿರುಬಾಗಿಲಿದ್ದರೆ ಕತ್ತಲಾಗುವ ಮುನ್ನ ಚಿಲಕ ಹಾಕಿ. ಸಂಜೆ ತುಳಸಿಗೆ ದೀಪ ಹಚ್ಚಲು ಹೋದವರು ಹಿತ್ತಲ ಬಾಗಿಲು ತೆರೆದೇ ಬಿಟ್ಟರೆ ನಾಯಿ ಹಿಂದೆಯೇ ನುಸುಳುತ್ತದೆ. ಮುಸ್ಸಂಜೆಯೇ ಕಯೋಟಿ ಇಳಿಯುವ ಹೊತ್ತು ಕೂಡ.

ಓಡಾಟ ಕಂಡೊಡನೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಒಳ್ಳೆಯದು, ವಾರಕ್ಕೊಮ್ಮೆ ಜಾಗ ಬದಲಿಸಿದರೆ. ತಾನಾಗಿ ಹತ್ತುವ ದೀಪಕ್ಕೆ ಅವು ಬೇಗ ಒಗ್ಗಿಕೊಳ್ಳುತ್ತವೆ. ಕಯೋಟಿ ಹೆದರುತ್ತದೆ ಅಂತ ಮಾರುವ ತೋಳದ ಮೂತ್ರದ ಬಾಟಲಿಗೆ ದುಡ್ಡು ಹಾಕಬೇಡಿ.

ವಾಕಿಂಗ್‌ಗೆ ಹಗ್ಗ ಆರಡಿಯದ್ದು ಸಾಕು. ಗುಂಡಿ ಒತ್ತಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗ ಬೇಡ. ನಾಯಿ ಪೊದೆಯ ಆಚೆ, ನೀವು ಈಚೆ ಇದ್ದಾಗ ಎಳೆದುಕೊಳ್ಳುವಷ್ಟು ಪುರುಸೊತ್ತು ಸಿಗುವುದಿಲ್ಲ. ನವೆಂಬರ್‌ನಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಇಲ್ಲಿ ಐದಕ್ಕೆಲ್ಲ ಕತ್ತಲು. ಆಫೀಸಿಂದ ಬಂದು ಹೊರಡುವ ವಾಕು ಸರಿಯಾಗಿ ಕಯೋಟಿಯ ಹೊತ್ತಿಗೇ ಬೀಳುತ್ತದೆ. ಆ ವರ್ಷದ ಮರಿಗಳು ತಾಯಿಯನ್ನು ಬಿಟ್ಟು ಹೊಸ ಜಾಗ ಹುಡುಕುತ್ತಾ ಅಲೆಯುವುದೂ ಸುಮಾರು ಅದೇ ಕಾಲದಲ್ಲಿ. ಆ ತಿಂಗಳುಗಳಲ್ಲಿ ನಾನು ಬೆಲ್ಲನನ್ನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸುತ್ತಾಡಿಸುತ್ತೇನೆ.

ಎದುರಾದರೆ ಏನು ಮಾಡಬೇಕು? ಕಾಲುವೆ ದಾರಿಯಲ್ಲಿ ಒಂದು ಡಿಸೆಂಬರ್ ಸಂಜೆ ನಮಗೆ ಎದುರಾಗಿದ್ದು ಸುಮಾರು ಮೂವತ್ತು ಅಡಿ ದೂರದಲ್ಲಿ ನಿಂತಿತ್ತು. ಬಾಲ ಕೆಳಗೆ, ಕಿವಿ ನೆಟ್ಟಗೆ. ನನ್ನ ಕಡೆ ನೋಡಲೇ ಇಲ್ಲ, ಕಣ್ಣೆಲ್ಲ ಬೆಲ್ಲನ ಮೇಲೆ. ಬೆಲ್ಲನನ್ನು ಎತ್ತಿ ಎಡಗಂಕುಳಲ್ಲಿ ಅವುಚಿಕೊಂಡು, ಬಲಗೈ ಮೇಲೆತ್ತಿ ಎರಡು ಹೆಜ್ಜೆ ಮುಂದೆ ಹೋಗಿ "ಹಚಾ! ನಡಿ ಆಚೆ!" ಅಂತ ಗಂಟಲು ಹರಿಯುವಂತೆ ಕೂಗಿದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ತಿರುಗಿ ನೋಡಿತು. ಹೆಚ್ಚಿನವರು ಇಲ್ಲೇ ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬಾರದು. ಅಷ್ಟಕ್ಕೇ ಬಿಟ್ಟರೆ, ಸ್ವಲ್ಪ ಹೊತ್ತು ಕಾದರೆ ಈ ಜನ ತೆಪ್ಪಗಾಗುತ್ತಾರೆ ಅಂತ ಕಲಿಯುತ್ತದೆ. ಕಣ್ಣಿಂದ ಮರೆಯಾಗುವವರೆಗೆ ಕೂಗಿ, ಸೀಟಿ ಊದಿ, ಅದರ ಮುಂದಿನ ನೆಲಕ್ಕೆ ಸಣ್ಣ ಕಲ್ಲೆಸೆಯಿರಿ. ಮೈಗೆ ಹೊಡೆದು ಗಾಯ ಮಾಡುವುದು ಬೇಡ. ಬೆನ್ನು ತಿರುಗಿಸಬೇಡಿ, ಓಡಲೇಬೇಡಿ. ನಮ್ಮ ಹಿತ್ತಲ ಬಾಗಿಲ ಪಕ್ಕ ಒಂದು ಹಳೇ ಸ್ಟೀಲ್ ತಟ್ಟೆ, ಸೌಟು ನೇತುಹಾಕಿದ್ದೇವೆ. ಅತ್ತೆಗೆ ಕೂಗುವುದಕ್ಕಿಂತ ಅದನ್ನು ಬಡಿಯುವುದೇ ಸುಲಭ, ಸದ್ದೂ ಜೋರು.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಾತ್ರ ಲೆಕ್ಕ ಬೇರೆ. ಆಗ ಗೂಡಲ್ಲಿ ಮರಿಗಳಿರುತ್ತವೆ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿ ಇದ್ದವರು ಈ ತಿಂಗಳುಗಳಲ್ಲೇ ಹುಷಾರಾಗಿರಬೇಕು, ಮರಿಗಳ ಜಾಗಕ್ಕೆ ಬಂದ ವೈರಿ ಅಂತ ಅದನ್ನು ನೋಡುತ್ತವೆ. ಕಯೋಟಿ ಓಡಿಹೋಗದೆ ದೂರದಿಂದ ನಿಮ್ಮ ಜೊತೆಜೊತೆಗೇ ನಡೆದು ಬರುತ್ತಿದ್ದರೆ, ಇಲ್ಲಿಂದ ದಾಟಿ ಹೋಗು ಅನ್ನುತ್ತಿದೆ ಅಂತ ಅರ್ಥ. ಆಗ ಬೆದರಿಸಲು ಹೋಗದೆ, ಅದರ ಕಡೆ ಮುಖ ಇಟ್ಟುಕೊಂಡೇ ಬಂದ ದಾರಿಯಲ್ಲಿ ಹಿಂದೆ ಸರಿಯಿರಿ. ಕೆಲವು ವಾರ ಆ ದಾರಿ ಬಿಟ್ಟುಬಿಡಿ.

ವಾಟ್ಸಾಪ್ ಗುಂಪುಗಳಲ್ಲಿ ಪ್ರತಿ ವಸಂತಕ್ಕೂ ಒಂದು ಕಥೆ ಬರುತ್ತದೆ: ಒಂದು ಕಯೋಟಿ ಆಟಕ್ಕೆ ಕರೆದು ನಾಯಿಯನ್ನು ಗುಂಪಿನ ಬಳಿಗೆ ಒಯ್ಯುತ್ತದಂತೆ. ನಡೆಯುವುದು ಇಷ್ಟು: ಬಿಚ್ಚಿಬಿಟ್ಟ ನಾಯಿ ಅಟ್ಟಿಸಿಕೊಂಡು ಹೋಗುತ್ತದೆ, ಕಯೋಟಿ ತನ್ನವರಿರುವ ಕಡೆಗೇ ಓಡುತ್ತದೆ, ಅಲ್ಲಿ ಎಲ್ಲವೂ ತಿರುಗಿಬೀಳುತ್ತವೆ. ಹಗ್ಗ ಇದ್ದರೆ ಈ ಕಥೆಯೇ ಇಲ್ಲ. ಹಿಡಿದು ಬೇರೆ ಕಡೆ ಬಿಟ್ಟುಬರೋಣ ಅನ್ನುವವರೂ ಇದ್ದಾರೆ. ಅನುಮತಿಯಿಲ್ಲದೆ ಹಾಗೆ ಸಾಗಿಸುವುದು ಈ ರಾಜ್ಯದಲ್ಲಿ ಅಪರಾಧ. ಊಟ ಸಿಗುವ ಜಾಗ ಖಾಲಿಯಾದರೆ ಇನ್ನೊಂದು ಕಯೋಟಿ ಬರುತ್ತದೆ.

ನಾಯಿಗೆ ತೊಡಿಸಲು, ಕೊರಳು, ಬೆನ್ನಿನ ಮೇಲೆ ಮುಳ್ಳಿರುವ ಗಟ್ಟಿ ಬಟ್ಟೆಯ ಅಂಗಿ ಸಿಗುತ್ತದೆ. ಹಿಮಾಲಯದ ಕುರಿಗಾಹಿಗಳು ಚಿರತೆಗೆ ಅಂತ ತಮ್ಮ ನಾಯಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರಲ್ಲ, ಅದೇ ಉಪಾಯ. ಕಯೋಟಿ ಚಿಕ್ಕ ನಾಯಿಯ ಕುತ್ತಿಗೆಗೇ ಬಾಯಿ ಹಾಕುವುದರಿಂದ ಇದು ಕೆಲವು ಸೆಕೆಂಡು ಉಳಿಸಿಕೊಡಬಹುದು. ಗುಡ್ಡದ ದಾರಿಗೆ ಬೆಲ್ಲನಿಗೆ ಹಾಕುತ್ತೇವೆ.

ಕಚ್ಚಿಯೇಬಿಟ್ಟರೆ ಹೊರಗಿನ ಗಾಯ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಚರ್ಮದ ಮೇಲೆ ಎರಡು ಸಣ್ಣ ತೂತು ಕಾಣಬಹುದು, ಹಿಡಿದು ಅಲ್ಲಾಡಿಸಿದ್ದರಿಂದ ಒಳಗಿನ ಮಾಂಸ ಹರಿದಿರುತ್ತದೆ, ಎದೆಗೂಡಿಗೂ ಪೆಟ್ಟಾಗಿರಬಹುದು. ಕೈಗೆ ಗ್ಲೌಸ್ ಹಾಕಿ. ಶುಭ್ರ ಬಟ್ಟೆ ಒತ್ತಿಹಿಡಿದು, ಟವೆಲ್‌ನಲ್ಲಿ ಸುತ್ತಿ, ತಕ್ಷಣ ತುರ್ತು ಪಶು ಆಸ್ಪತ್ರೆಗೆ ಹೊರಡಿ. ಅರಿಶಿನ, ಕಾಫಿಪುಡಿ ಒತ್ತುವುದು ಬೇಡ, ವೈದ್ಯರು ಅದನ್ನೆಲ್ಲ ಮತ್ತೆ ತೊಳೆದು ತೆಗೆಯಬೇಕಾಗುತ್ತದೆ. ನಮ್ಮ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷ, ಚೂರೂ ಕೊಡಬೇಡಿ. ನೋವಲ್ಲಿರುವ ನಾಯಿ ನಿಮ್ಮನ್ನೂ ಕಚ್ಚಬಹುದು, ಮುಖ ಹತ್ತಿರ ತರಬೇಡಿ.

ರೇಬೀಸ್ ಲಸಿಕೆಯ ಕಾಗದ ಜೊತೆಗಿರಲಿ. ನಾಯಿಯಿಂದ ನಾಯಿಗೆ ಹರಡುವ ಬಗೆಯ ರೇಬೀಸ್ ಅಮೆರಿಕದಲ್ಲಿ ಇಲ್ಲವಾಗಿದೆ ಎಂದು 2007ರಲ್ಲೇ ಘೋಷಿಸಿದ್ದಾರೆ. ಆದರೆ ಬಾವಲಿ, ದುರ್ನಾತ ಚಿಮ್ಮುವ ಸ್ಕಂಕ್‌ಗಳಲ್ಲಿ ಬೇರೆ ಬಗೆಯ ರೇಬೀಸ್ ಇದೆ, ಅವುಗಳಿಂದ ಕಯೋಟಿಗೂ ತಗಲಬಹುದು. ಲಸಿಕೆ ಸರಿಯಾಗಿದ್ದರೆ ಸಾಮಾನ್ಯವಾಗಿ ಕೂಡಲೇ ಬೂಸ್ಟರ್ ಕೊಟ್ಟು ಕೆಲವು ವಾರ ಮನೆಯಲ್ಲೇ ನಿಗಾ ಇಡಲು ಹೇಳುತ್ತಾರೆ. ಲಸಿಕೆಯೇ ಹಾಕಿಸಿರದಿದ್ದರೆ ತಿಂಗಳುಗಟ್ಟಲೆ ಪ್ರತ್ಯೇಕವಾಗಿಡಬೇಕು, ಇಲ್ಲವೇ ಇನ್ನೂ ಕಷ್ಟದ ತೀರ್ಮಾನಕ್ಕೆ ಒಪ್ಪಬೇಕಾಗಬಹುದು. ನಿಮ್ಮ ಕೈಯಲ್ಲಿ ಗೀರು ಇದ್ದು ಎಂಜಲು ತಾಗಿದ್ದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ನಿಮ್ಮ ವೈದ್ಯರಿಗೂ ಅದೇ ದಿನ ತಿಳಿಸಿ.

ತುರ್ತು ಪಶು ಆಸ್ಪತ್ರೆ ಮತ್ತು ಊರಿನ ಪ್ರಾಣಿ ವಿಭಾಗ, ಎರಡರ ನಂಬರನ್ನೂ ದೊಡ್ಡಕ್ಷರದಲ್ಲಿ ಕನ್ನಡದಲ್ಲೇ ಬರೆದು ಫ್ರಿಜ್ ಮೇಲೆ ಅಂಟಿಸಿ, ಮನೆಯ ವಿಳಾಸದ ಜೊತೆಗೆ. ನೀವು ಆಫೀಸಲ್ಲಿರುವಾಗ ಮನೆಯಲ್ಲಿ ನಾಯಿಯ ಜೊತೆ ಇರುವುದು ಅಪ್ಪ ಅಮ್ಮ ಅಲ್ವಾ? ಅವರ ಕೈಯಿಂದ ಒಮ್ಮೆ ಆ ನಂಬರಿಗೆ ಫೋನು ಮಾಡಿಸಿ, ಏನು ಹೇಳಬೇಕು ಅಂತ ಹೇಳಿಕೊಡಿ.