ಹಳೆ ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಬಾನೆಟ್ ಎತ್ತಿ ಕೈ ಇಟ್ಟು ನೋಡಿ

ಹೋದ ವರ್ಷ ಮುಧೋಳ ತಾಲ್ಲೂಕಿನ ಒಂದು ತೋಟದ ಮನೆಗೆ ಸೋದರಮಾವನ ಜೊತೆ ಹಳೆ ಟ್ರ್ಯಾಕ್ಟರ್ ನೋಡಲು ಹೋಗಿದ್ದೆ. ‘ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ’ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. ಬೆಳಿಗ್ಗೆ ಏಳಕ್ಕೆ ಹೋದರೆ ಗಾಡಿ ತೊಳೆದು, ಮುಂದೆ ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿದ್ದರು. ಮಾತಾಡುತ್ತಲೇ ಬಾನೆಟ್ ಎತ್ತಿ ಇಂಜಿನ್ ಹತ್ತಿರ ಕೈ ಒಯ್ದೆ. ಬಿಸಿ ಬಡಿಯಿತು. ‘ತೊಳಿಯಾಕ ಅಂತ ಸ್ವಲ್ಪ ಹಿಂದ ತಗೊಂಡಿದ್ವಿರಿ’ ಎಂದರು. ಮಾವ ತಲೆ ಆಡಿಸಿದರು. ನಾನು, ‘ಇರಲಿ ಬಿಡ್ರಿ ಅಣ್ಣಾರ, ತೋಟ ಸುತ್ತಾಡಿ ಬರ್ತೀವಿ, ಆರಲಿ’ ಎಂದೆ. ನಾಲ್ಕು ತಾಸು ಕಬ್ಬು ನೋಡಿದೆವು, ಚಹಾ ಕುಡಿದೆವು, ಊಟವನ್ನೂ ಮಾಡಿದೆವು. ಆರಿದ ಮೇಲೆ ಸೆಲ್ಫ್ ಹೊಡೆದರೆ ಗಾಡಿ ಏಳಲೊಲ್ಲದು. ಆರನೇ ಹೊಡೆತಕ್ಕೆ ಎದ್ದಾಗ ಸೈಲೆನ್ಸರ್‌ನಿಂದ ಹೊರಟ ನೀಲಿ ಹೊಗೆ ಪಕ್ಕದ ಮಾವಿನ ಗಿಡವನ್ನೇ ಮುಚ್ಚಿತು.

ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಆದ್ದರಿಂದ ಹಳೆ ಗಾಡಿ ನೋಡುವ ಕೆಲಸ ತಣ್ಣಗಿನ ಇಂಜಿನ್‌ನಿಂದಲೇ ಶುರುವಾಗಬೇಕು.

ಎಷ್ಟು ವರ್ಷದ್ದು ಎಂದಲ್ಲ, ಏನು ಮಾಡಿದ್ದು ಎಂದು ಕೇಳಿ

ಬಾಗಲಕೋಟೆ, ಬೆಳಗಾವಿ ಕಡೆ ಹಳೆ ಟ್ರ್ಯಾಕ್ಟರ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಮಾಡೆಲ್. ‘ಹದಿನಾಲ್ಕರ ಮಾಡೆಲ್, ಒಂದ ಕೈಯಾಗ ಓಡೇತಿ’ ಎಂದ ಕೂಡಲೇ ಅರ್ಧ ವ್ಯವಹಾರ ಮುಗಿದ ಹಾಗೆ. ನನ್ನ ಲೆಕ್ಕದಲ್ಲಿ ಮಾಡೆಲ್ ಎರಡನೇ ಪ್ರಶ್ನೆ. ಮೊದಲನೆಯದು, ಗಾಡಿ ಇಷ್ಟು ದಿನ ಯಾವ ಕೆಲಸ ಮಾಡಿತು ಎಂಬುದು. ಎಲ್ಲಿ ಸವೆದಿದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಕಾರ್ಖಾನೆಗೆ ಡಬಲ್ ಟ್ರೇಲರ್ ಕಬ್ಬು ಹೊಡೆದ ಗಾಡಿಯಾದರೆ ಕ್ಲಚ್, ಗೇರ್, ಹಿಂದಿನ ಆಕ್ಸಲ್ ಪೆಟ್ಟು ತಿಂದಿರುತ್ತವೆ. ಹಿಂದಕ್ಕೆ ಹೋಗಿ ಟ್ರೇಲರ್ ಪಿನ್ ಕೂರುವ ತೂತು ನೋಡಿ. ಹೊಸತರಲ್ಲಿ ಅದು ದುಂಡಗಿರುತ್ತದೆ. ವರ್ಷಗಟ್ಟಲೆ ಭಾರ ಎಳೆದಿದ್ದರೆ ಮೊಟ್ಟೆಯಂತೆ ಉದ್ದವಾಗಿರುತ್ತದೆ. ಅದರ ಸುತ್ತ ವೆಲ್ಡಿಂಗ್ ಮಾಡಿ ತೂತು ಚಿಕ್ಕದು ಮಾಡಿದ್ದಾರೋ ನೋಡಿ. ಹಿಂದಿನ ಎರಡೂ ಗಾಲಿಗಳ ಒಳಮಗ್ಗುಲಲ್ಲಿ ಎಣ್ಣೆ ಜಿನುಗಿ ಮಣ್ಣು ಅಂಟಿದ್ದರೆ ಆಕ್ಸಲ್ ಸೀಲ್ ಹೋಗಿದೆ. ಹಳೆ ಮಾಡೆಲ್‌ಗಳ ಬ್ರೇಕ್ ಒಣ ಡಿಸ್ಕಿನದು. ಆ ಎಣ್ಣೆ ಬ್ರೇಕಿಗೂ ಇಳಿದಿರಬಹುದು.

ರೋಟಾವೇಟರ್ ಹೊಡೆದು ಬಾಡಿಗೆ ದುಡಿದ ಗಾಡಿಯಾದರೆ ಪಿಟಿಒ, ಅಂದರೆ ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟು, ಮತ್ತು ಅದನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಕಡೆ ಗಮನ ಕೊಡಿ. ರೋಟಾವೇಟರ್ ಅಥವಾ ಪಲ್ಟಿ ನೇಗಿಲು ಹಚ್ಚಿಸಿ, ಪೂರ್ತಿ ಎತ್ತಿಸಿ, ಇಂಜಿನ್ ಬಂದ್ ಮಾಡಿ. ಆಮೇಲೆ ಗಡಿಯಾರ ನೋಡುತ್ತ ನಿಲ್ಲಿ. ಚಹಾ ಕುಡಿಯುವಷ್ಟು ಹೊತ್ತು ಅದು ಎತ್ತಿದ ಹಾಗೇ ನಿಂತರೆ ಚಿಂತೆಯಿಲ್ಲ. ಕಣ್ಣೆದುರೇ ಕೂಡಲೇ ನೆಲಕ್ಕಿಳಿದರೆ ಒಳಗಿನ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಎತ್ತುವಾಗ ಲಿಫ್ಟ್ ಜರ್ಕ್ ಹೊಡೆದರೂ ಪಂಪಿನ ಮೇಲೆ ಸಂಶಯ ಪಡಿ. ಎಷ್ಟು ಹೊತ್ತಾದರೂ ಎತ್ತಿದ ನೇಗಿಲಿನ ಕೆಳಗೆ ಮಾತ್ರ ಕೈಕಾಲು ಹಾಕಬೇಡಿ.

ಮೂರನೆಯದು ಗಂಗಾವತಿ, ಸಿಂಧನೂರು ಕಡೆಯಿಂದ ಬರುವ ಗಾಡಿ. ಭತ್ತದ ಗದ್ದೆಯಲ್ಲಿ ಕಬ್ಬಿಣದ ಗಾಲಿ ಹಾಕಿ ಕೆಸರು ತುಳಿದಿರುತ್ತದೆ. ಬಣ್ಣ ಚೆನ್ನಾಗಿರುತ್ತದೆ, ಹೊಡೆದ ತಾಸೂ ಕಡಿಮೆ ಇರಬಹುದು. ಆದರೆ ಮುಂದಿನ ಗಾಲಿಯ ಬೇರಿಂಗ್, ಸೀಲ್, ಬ್ರೇಕುಗಳಿಗೆ ಕೆಸರು ನೀರು ಸೇರಿರುತ್ತದೆ. ಜಾಕ್ ಹಚ್ಚಿ ಮುಂದಿನ ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕ್ ಎಂದರೆ ಬೇರಿಂಗ್ ಇಲ್ಲವೇ ಕಿಂಗ್‌ಪಿನ್ ಬುಷ್ ಸವೆದಿದೆ. ಎರೆ ಹೊಲದಲ್ಲಿ ಕುಂಟಿ, ಕೂರಿಗಿ ಎಳೆದುಕೊಂಡು ಒಬ್ಬರ ಮನೆಯಲ್ಲೇ ಇದ್ದ ಗಾಡಿ ಸಿಕ್ಕರೆ ನಿಮ್ಮ ಪುಣ್ಯ. ಅಂಥದನ್ನು ಮಾರುವವರೇ ಕಡಿಮೆ.

ತಾಸಿನ ಮೀಟರ್ ಮತ್ತು ಹೊಸ ಬಣ್ಣ

ಟ್ರ್ಯಾಕ್ಟರ್ ದುಡಿಮೆ ಅಳೆಯುವುದು ತಾಸಿನಲ್ಲಿ. ಹಳೆ ಗಾಡಿಗಳಲ್ಲಿ ಈ ಮೀಟರ್ ಇಂಜಿನ್‌ಗೆ ಜೋಡಿಸಿದ ಕೇಬಲ್‌ನಿಂದ ತಿರುಗುತ್ತದೆ. ಇಂಜಿನ್ ನಿಧಾನ ತಿರುಗಿದರೆ ಮೀಟರೂ ನಿಧಾನ, ಕೇಬಲ್ ಬಿಚ್ಚಿದರೆ ಪೂರ್ತಿ ಬಂದ್. ಆದ್ದರಿಂದ ಸ್ವಲ್ಪ ಗಣಿತ ಮಾಡಿ. ಹತ್ತು ವರ್ಷದ ಗಾಡಿಯಲ್ಲಿ 2,000 ತಾಸು ತೋರಿಸಿದರೆ ವರ್ಷಕ್ಕೆ 200 ತಾಸು. ದಿನಕ್ಕೆ ಎಂಟು ತಾಸಿನಂತೆ ವರ್ಷದಲ್ಲಿ ಬರೀ 25 ದಿನ. ಸಾಲ ಮಾಡಿ ಟ್ರ್ಯಾಕ್ಟರ್ ತಂದವರು ವರ್ಷಕ್ಕೆ 25 ದಿನ ದುಡಿಸಿ ಸುಮ್ಮನಿರುತ್ತಾರೆಯೇ? ಮೀಟರ್‌ಗಿಂತ ಕ್ಲಚ್ ಪೆಡಲ್ ಹೆಚ್ಚು ನಿಜ ಹೇಳುತ್ತದೆ. ಅದರ ಗೀರುಗಳು ಸವೆದು ನುಣ್ಣಗಾಗಿದ್ದರೆ, ಸ್ಟೀರಿಂಗ್ ಹಿಡಿಯುವ ಜಾಗ ಹೊಳೆಯುತ್ತಿದ್ದರೆ, ಮೀಟರ್ ಏನೇ ಹೇಳಲಿ, ಗಾಡಿ ದುಡಿದಿದೆ.

ಹೊಸ ಬಣ್ಣ ತಪ್ಪಲ್ಲ. ಆದರೆ ರಬ್ಬರ್ ಪೈಪು, ನಟ್ಟು, ಬೋಲ್ಟುಗಳ ಮೇಲೂ ಬಣ್ಣ ಕೂತಿದ್ದರೆ ಮಾರಲಿಕ್ಕೆಂದೇ ಹೊಡೆಸಿದ್ದು. ನಾನು ನೋಡುವುದು ಗ್ರೀಸ್ ನಿಪ್ಪಲ್. ಅದರ ಬಾಯಿ ಬಣ್ಣದಿಂದ ಮುಚ್ಚಿದ್ದರೆ ಬಣ್ಣ ಹೊಡೆದ ದಿನದಿಂದ ಗ್ರೀಸ್ ಗನ್ ಅದನ್ನು ಮುಟ್ಟಿಲ್ಲ.

ಟೈರಿನ ವಯಸ್ಸು ಟೈರಿನ ಮೇಲೇ ಬರೆದಿರುತ್ತದೆ. ನಾಲ್ಕು ಅಂಕಿಯ ಗುರುತು ಹುಡುಕಿ. 3519 ಎಂದಿದ್ದರೆ 2019ರ 35ನೇ ವಾರ ತಯಾರಾದದ್ದು. ಹಿಂದಿನ ಎರಡು ಟೈರಿನ ಖರ್ಚು ದೊಡ್ಡದು, ಅದನ್ನು ಚೌಕಾಶಿಯಲ್ಲಿ ಮರೆಯಬೇಡಿ.

ಇಂಜಿನ್ ಚಾಲೂ ಮಾಡುವ ಮುಂಚೆ, ಆಮೇಲೆ

ಚಾಲೂ ಮಾಡುವ ಮುಂಚೆ ಆಯಿಲ್ ಕಡ್ಡಿ ಎಳೆದು ಒಂದು ಹನಿ ಕಾಗದದ ಮೇಲೆ ಬಿಡಿ. ಕಪ್ಪಾಗಿದ್ದರೆ ಹೆದರಬೇಡಿ, ಡೀಸೆಲ್ ಇಂಜಿನ್‌ನಲ್ಲಿ ಅದು ಸಹಜ. ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಆಯಿಲ್‌ಗೆ ನೀರು ಸೇರಿದೆ, ಅಲ್ಲಿಂದಲೇ ಹಿಂದಿರುಗಿ. ರೇಡಿಯೇಟರ್ ಮುಚ್ಚಳವನ್ನು ಇಂಜಿನ್ ತಣ್ಣಗಿದ್ದಾಗ ಮಾತ್ರ ತೆಗೆಯಿರಿ. ನೀರಿನ ಮೇಲೆ ಎಣ್ಣೆಯ ಪದರ ಇದ್ದರೆ, ಚಾಲೂ ಮಾಡಿದ ಮೇಲೆ ಗುಳ್ಳೆಗಳು ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು.

ಈಗ ಸೆಲ್ಫ್ ಹೊಡೆಯಿರಿ. ಚಳಿಯಲ್ಲಿ ಮೊದಲ ಕ್ಷಣ ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸವೆದಿದೆ. ಭಾರ ಎಳೆಯುವಾಗ ದಟ್ಟ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ನೋಝಲ್, ಪಂಪ್ ಸರಿಯಿಲ್ಲ. ಏರ್ ಕ್ಲೀನರ್ ತೊಳೆದರೇ ಸರಿಹೋದರೂ ಹೋದೀತು, ಕಪ್ಪಿಗೆ ನಾನು ಅಷ್ಟು ಅಂಜುವುದಿಲ್ಲ. ಆಮೇಲೆ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ, ಅಲ್ಲೇ ಬೋರಲು ಇಟ್ಟು ನೋಡಿ. ಸ್ವಲ್ಪ ನಡುಗಿದರೆ ಸರಿ. ಕುಣಿದು ಕೆಳಗೆ ಬಿದ್ದರೆ, ಅಲ್ಲಿಂದ ಹೊಗೆ ಬುಸುಗುಟ್ಟಿದರೆ ಸಿಲಿಂಡರ್‌ನ ಒತ್ತಡ ಕೆಳಗೆ ಸೋರುತ್ತಿದೆ. ಆ ಇಂಜಿನ್ ಕಟ್ಟಿಸುವ ಖರ್ಚು ಕೊಳ್ಳುವವನ ತಲೆಗೆ.

ಕ್ಲಚ್ ನೋಡಲು ಬಯಲಲ್ಲಿ, ಮುಂದೆ ಯಾರೂ ಇಲ್ಲದ ಕಡೆ, ಬ್ರೇಕ್ ಗಟ್ಟಿಯಾಗಿ ತುಳಿದು, ಮೇಲಿನ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಇಂಜಿನ್ ಬಂದ್ ಬೀಳಬೇಕು. ಗಾಡಿ ನಿಂತಲ್ಲೇ ಇದ್ದು ಇಂಜಿನ್ ಮಾತ್ರ ಗುರ್ ಎನ್ನುತ್ತಿದ್ದರೆ ಪ್ಲೇಟ್ ಸವೆದಿದೆ. ನಂತರ ರಸ್ತೆಗೆ ಒಯ್ದು ಒಂದೊಂದು ಗೇರಿನಲ್ಲೂ ಓಡಿಸಿ, ಏಕ್ಸಲರೇಟರ್ ಒಮ್ಮೆಲೇ ಬಿಟ್ಟು ನೋಡಿ. ಗೇರ್ ತಾನೇ ಹಾರಿ ನ್ಯೂಟ್ರಲ್ ಆದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು.

ನಿಮ್ಮ ಊರಿನ ಬಿಡಿಭಾಗದ ಅಂಗಡಿಗೂ ಒಮ್ಮೆ ಹೋಗಿ ಬನ್ನಿ. ಹರಿಯಾಣದ ಪಿಂಜೋರದಲ್ಲಿದ್ದ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲೇ ಒಪ್ಪಿತು. ಎಚ್‌ಎಂಟಿ ಗಾಡಿ ಗಟ್ಟಿ ಎಂದು ಇಂದಿಗೂ ಮೀಸೆ ತಿರುವುವವರಿದ್ದಾರೆ, ಇರಲಿ. ಆದರೆ ಮಾಡೆಲ್ ಯಾವುದೇ ಇರಲಿ, ಕ್ಲಚ್ ಪ್ಲೇಟು, ವಾಟರ್ ಪಂಪು ಮುಧೋಳದಲ್ಲಿ ಸಿಗುತ್ತದೋ, ಹುಬ್ಬಳ್ಳಿಗೆ ಓಡಬೇಕೋ ಎಂದು ಸಂಚಕಾರದ ಹಣ ಕೊಡುವ ಮುಂಚೆ ಕೇಳಿಕೊಳ್ಳಿ. ದುರಸ್ತಿಗೆ ಬೇಕಾದ ಸಾಮಾನುಗಳ ದರವನ್ನೂ ಅಲ್ಲೇ ಬರೆದುಕೊಳ್ಳಿ. ಚೌಕಾಶಿಯಲ್ಲಿ ಆ ಚೀಟಿಯೊಂದೇ ಸಾಕು, ಜೋರು ದನಿ ಬೇಡ.

ಕಾಗದ ಪತ್ರ

ಚಾಸಿ ನಂಬರ್ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆರ್‌ಸಿ ಜೊತೆ ತಾಳೆ ನೋಡಿ. ಇಂಜಿನ್ ನಂಬರೂ ಹಾಗೆಯೇ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಗಾಡಿಯ ಮೇಲೆ ಸಾಲದ ನಮೂದು ಇದೆ ಎಂದರ್ಥ. ‘ಸಾಲ ತೀರಿ ಎರಡು ವರ್ಷ ಆತ್ರಿ’ ಎಂಬ ಬಾಯಿಮಾತು ನಡೆಯದು. ಬ್ಯಾಂಕಿನ ಬೇಬಾಕಿ ಪತ್ರ ಮತ್ತು ಬ್ಯಾಂಕ್ ಸಹಿ ಮಾಡಿದ ನಮೂನೆ 35 ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಕಾನೂನಿನ ಪ್ರಕಾರ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ನೋಂದಣಿಗೆ 15 ವರ್ಷ ತುಂಬಿದ್ದರೆ ನವೀಕರಣ ಆಗಿದೆಯೇ ನೋಡಿ.

ಎಂಎಚ್-10 ಸಾಂಗ್ಲಿ, ಎಂಎಚ್-09 ಕೊಲ್ಹಾಪುರ, ಎಂಎಚ್-13 ಸೊಲ್ಲಾಪುರದ ಗಾಡಿಗಳು ನಮ್ಮ ಗಡಿ ತಾಲ್ಲೂಕುಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಅಲ್ಲಿಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28, ಇಲ್ಲದೆ ಅವು ಕೆಎ-48 ಜಮಖಂಡಿಗೋ ಕೆಎ-28 ವಿಜಯಪುರಕ್ಕೋ ಸೇರಲಾರವು. ಟ್ರೇಲರ್‌ಗೆ ಬೇರೆಯದೇ ಆರ್‌ಸಿ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ.

ಮನೆಗೆ ತಂದ ಮೊದಲ ವಾರ

ಪೂಜೆ ಮಾಡಿ, ಕಾಯಿ ಒಡೆಯಿರಿ, ಆದರೆ ಮರುದಿನವೇ ಹೊಲಕ್ಕೆ ಇಳಿಸಬೇಡಿ. ಹಿಂದಿನವರು ಆಯಿಲ್ ಯಾವಾಗ ಬದಲಿಸಿದರು ಎಂಬ ಮಾತನ್ನು ನಂಬುವ ಬದಲು ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎಲ್ಲ ಹೊಸದು ಹಾಕಿಸಿ. ಅಂದಿನ ತಾಸು ಬಾನೆಟ್ ಒಳಗೆ ಪೇಂಟಿನಿಂದ ಬರೆದಿಡಿ. ಅಲ್ಲಿಂದ ಮುಂದೆ ಕಂಪನಿ ಪುಸ್ತಕ ಹೇಳಿದಷ್ಟು, ಬಹುತೇಕ ಹಳೆ ಮಾಡೆಲ್‌ಗಳಿಗೆ 250 ತಾಸಿಗೊಮ್ಮೆ, ಆಯಿಲ್ ಬದಲಿಸುತ್ತ ಹೋಗಿ. ಫಿಲ್ಟರ್ ಬದಲಿಸಿದಾಗ ಲೈನಿನಲ್ಲಿ ಏರ್ ಹಿಡಿಯುತ್ತದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪಂಪು ಒತ್ತುತ್ತ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಯಿರಿ. ಇದಕ್ಕೆ ಮಿಸ್ತ್ರಿ ಬೇಕಿಲ್ಲ.

ಏರ್ ಕ್ಲೀನರ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಹಳೆ ಗಾಡಿಗಳಲ್ಲಿ ಎಣ್ಣೆ ತುಂಬಿದ ಬಟ್ಟಲು ಇರುತ್ತದೆ, ಒಳಹೋಗುವ ಗಾಳಿಯ ಧೂಳು ಆ ಎಣ್ಣೆಗೆ ಅಂಟುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಹರಗುವಾಗ ಒಂದೇ ದಿನಕ್ಕೆ ಬಟ್ಟಲಿನ ತಳದಲ್ಲಿ ಕೆಸರು ಕೂತಿರುತ್ತದೆ. ದಿನಾ ಸಂಜೆ ಬಿಚ್ಚಿ ನೋಡಿ, ಕೆಸರು ಕಂಡರೆ ಡೀಸೆಲ್‌ನಲ್ಲಿ ತೊಳೆದು, ಗೆರೆಯವರೆಗೆ ಎಣ್ಣೆ ಹಾಕಿ. ಗೆರೆ ಮೀರಿ ಸುರಿದರೆ ಇಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಒಳಹೋದ ಧೂಳಿನಷ್ಟು ಬೇಗ ರಿಂಗ್ ಸವೆಸುವುದು ಬೇರೊಂದಿಲ್ಲ.

ನಮ್ಮ ಭಾಗದ ಇನ್ನೊಂದು ಶತ್ರು ಸವಳು ನೀರು. ಕೊಳವೆಬಾವಿಯ ನೀರನ್ನೇ ರೇಡಿಯೇಟರ್‌ಗೆ ಸುರಿದರೆ ಒಳಗೆ ಹಂಡೆಯ ತಳದಂತೆ ಬಿಳಿ ಪಪ್ಪಡಿ ಕಟ್ಟುತ್ತದೆ, ಇಂಜಿನ್ ಕಾಯುತ್ತದೆ. ಕೂಲಂಟ್ ಹಾಕಿ, ಕೈಯಲ್ಲಿ ಇಲ್ಲದಾಗ ಶುದ್ಧ ಮಳೆನೀರಾದರೂ ಸರಿ. ಕಬ್ಬಿನ ಹೊಲದಲ್ಲಿ ರವದಿ, ಅಂದರೆ ಒಣಗಿದ ಎಲೆ, ಹಾರಿ ಮುಂದಿನ ಜಾಳಿಗೆಗೆ ಅಂಟುತ್ತದೆ, ಅದನ್ನು ಬಿಡಿಸುತ್ತಿರಿ. ಪಿಟಿಒ ಶಾಫ್ಟಿನ ಕವರ್ ಮುರಿದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಹಾಕಿಸಿ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟು ಧೋತರದ ಚುಂಗು ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಮಳೆಗಾಲದಲ್ಲಿ ನಿಲ್ಲಿಸುವಾಗ

ಕಾರ್ಖಾನೆ ಬಂದಾದ ಮೇಲೆ ಕಬ್ಬಿನ ಗಾಡಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಓಡಿದಾಗ ಕೆಡದ್ದು ನಿಂತಾಗ ಕೆಡುತ್ತದೆ. ಡೀಸೆಲ್ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಜಾಗದಲ್ಲಿ ತೇವ ಹನಿಗಟ್ಟಿ ಡೀಸೆಲ್‌ಗೆ ನೀರು ಸೇರುತ್ತದೆ. ಹಚ್ಚಿದ ನೇಗಿಲು, ರೋಟಾವೇಟರ್ ನೆಲಕ್ಕಿಳಿಸಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ತುದಿಗಳಿಗೆ ವ್ಯಾಸಲಿನ್ ಹಚ್ಚಿ. ಸೈಲೆನ್ಸರ್ ಬಾಯಿಗೆ ಹಳೆ ಡಾಲ್ಡಾ ಡಬ್ಬಿ ಬೋರಲು ಹಾಕುವುದು ನಮ್ಮಜ್ಜನ ಕಾಲದ ಉಪಾಯ, ಇಂದಿಗೂ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕ್ಲಚ್ ಪೆಡಲ್ ತುಳಿದು, ಅದು ಮೇಲೇಳದಂತೆ ಕಟ್ಟಿಗೆಯ ತುಂಡು ಸಿಕ್ಕಿಸಿಡಿ. ಕೆಲವು ಗಾಡಿಗಳಲ್ಲಿ ಇದಕ್ಕೆಂದೇ ಕೊಕ್ಕೆ ಇರುತ್ತದೆ. ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಪ್ಲೇಟ್ ಅಂಟಿಕೊಂಡು, ಸೀಸನ್ ಶುರುವಾದ ದಿನ ಗೇರೇ ಬೀಳುವುದಿಲ್ಲ. ಮತ್ತೆ ತೆಗೆಯುವ ದಿನ ಡಬ್ಬಿ ತೆಗೆದು, ಇಲಿ ವೈರ್ ಕಡಿದಿದೆಯೋ ನೋಡಿ, ಆಯಿಲ್ ಕಡ್ಡಿ ನೋಡಿ. ಇಂಜಿನ್ ಬಂದ್ ಮಾಡುವ ಗುಂಡಿಯನ್ನು ಎಳೆದೇ ಹಿಡಿದು ಹತ್ತು ಸೆಕೆಂಡ್ ಸೆಲ್ಫ್ ತಿರುಗಿಸಿ. ಆಯಿಲ್ ಮೇಲಕ್ಕೇರಲಿ. ಆಮೇಲೆ ಗುಂಡಿ ಬಿಟ್ಟು ಚಾಲೂ ಮಾಡಿ.